ಗೇಣಿ, ಡಿಕ್ಲರೇಶನ್, ಪಹಣಿ: ನಮ್ಮ ಜಮೀನಿನ ಚರಿತ್ರೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮಲೆನಾಡಿನ ಗೇಣಿ ಒಕ್ಕಲುಗಳ ಮನೆತನ. ಹಬ್ಬಕ್ಕೋ ಮದುವೆಗೋ ಎಲ್ಲರೂ ಸೇರಿದಾಗ ಬೆಂಗಳೂರಿನಿಂದ ಬಂದ ಹುಡುಗ ಹುಡುಗಿಯರು ಒಂದಲ್ಲ ಒಂದು ಹೊತ್ತಿಗೆ ಜಮೀನಿನ ಮಾತು ಎತ್ತುತ್ತಾರೆ. ಅಜ್ಜನ ಟ್ರಂಕಿನಲ್ಲಿರುವ ಹಳದಿ ಕಾಗದ ಏನು? ‘ಡಿಕ್ಲರೇಶನ್ ಜಾಗ’ ಅಂದರೇನು? ಪಕ್ಕದ ಮನೆಯವರಿಗೂ ನಮಗೂ ಮಾತು ಬಿಟ್ಟಿದ್ದು ಯಾಕೆ? ಉತ್ತರ ಗೊತ್ತಿದ್ದ ತಲೆಮಾರು ಒಬ್ಬೊಬ್ಬರಾಗಿ ಹೋಗುತ್ತಿದೆ. ಅದಕ್ಕೇ ಕುಳಿತು ಬರೆದಿದ್ದೇನೆ. ನಾನು ವಕೀಲನಲ್ಲ. ಕೋರ್ಟಿನಲ್ಲಿ ತಕರಾರು ಇದ್ದರೆ ತಿಳಿದವರ ಹತ್ತಿರ ಹೋಗಿ.

ಗೇಣಿ ಅಂದ್ರೆ ಏನು? ಈಗಿನ ಬಾಡಿಗೆ ಥರಾನಾ?

ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಬೇರೆಯವರ ಜಮೀನಿನಲ್ಲಿ ಬೇಸಾಯ ಮಾಡಿ, ವರ್ಷಕ್ಕೆ ಇಷ್ಟು ಭತ್ತ, ಇಷ್ಟು ಅಡಿಕೆ ಅಥವಾ ಇಷ್ಟು ದುಡ್ಡು ಅಂತ ಅಳೆದು ಕೊಡುವುದು ಗೇಣಿ. ಹೀಗೆ ಉಳುವವನು ಒಕ್ಕಲು, ಜಮೀನಿನ ಒಡೆಯ ಧಣಿ. ಆದರೆ ಬಾಡಿಗೆ ಮನೆ ಬಿಟ್ಟರೆ ಇನ್ನೊಂದು ಮನೆ ಸಿಗುತ್ತದೆ. ಗೇಣಿ ಗದ್ದೆ ಬಿಟ್ಟರೆ ಊಟವೇ ಹೋಯಿತು. ಎಷ್ಟೋ ಕಡೆ ಒಕ್ಕಲು ಕಟ್ಟಿಕೊಂಡ ಮನೆಯೂ ಧಣಿಯ ಜಾಗದಲ್ಲೇ ಇರುತ್ತಿತ್ತು. ಗದ್ದೆ ಬಿಡಿಸಿದರೆ ಮನೆಯನ್ನೂ ಬಿಡಬೇಕು. ಹೀಗಾಗಿ ಧಣಿಯ ಎದುರು ದನಿ ಎತ್ತಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ.

ಗೇಣಿಯಲ್ಲಿ ಬಗೆಗಳಿದ್ದವು. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಎರಡು ದೊಡ್ಡ ಭಾಗ. ಮೂಲಗೇಣಿಯವರಿಗೆ ತಲೆತಲಾಂತರದ ಹಕ್ಕು, ಗೇಣಿಯೂ ಗೊತ್ತಾದಷ್ಟೇ. ಚಾಲಗೇಣಿ ವರ್ಷದಿಂದ ವರ್ಷಕ್ಕೆ. ಮುಂದಿನ ವರ್ಷ ಗದ್ದೆ ಇರುತ್ತದೋ ಇಲ್ಲವೋ ಧಣಿಯ ಮನಸ್ಸಿಗೆ ಬಿಟ್ಟಿದ್ದು. ಹಳೇ ಮೈಸೂರಿನ ಕಡೆ ‘ವಾರಕ್ಕೆ ಮಾಡೋದು’ ಅನ್ನುತ್ತಿದ್ದರು, ಇಲ್ಲಿ ವಾರ ಅಂದರೆ ಬೆಳೆಯ ಪಾಲು. ಉತ್ತರ ಕರ್ನಾಟಕದಲ್ಲಿ ಲಾವಣಿ, ಕೋರು, ಪಾಲು ಅನ್ನುವ ಮಾತುಗಳು ಇವತ್ತಿಗೂ ಇವೆ.

ಕಾಗೋಡಿನಲ್ಲಿ ಆಗಿದ್ದೇನು? ಒಂದು ಕೊಳಗಕ್ಕಾಗಿ ಅಷ್ಟು ದೊಡ್ಡ ಜಗಳವಾ?

ಹೌದು, ಕೊಳಗಕ್ಕಾಗಿಯೇ ಶುರುವಾಗಿದ್ದು. ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರ ಕೊಡುತ್ತೇನೆ.

ಕಾಗೋಡು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿನ ಒಕ್ಕಲುಗಳಲ್ಲಿ ಹೆಚ್ಚಿನವರು ದೀವರ ಜಾತಿಯವರು. ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಕೊಳಗ ಧಣಿಯದು, ಅಳೆಯುವುದೂ ಧಣಿಯ ಕಡೆಯವರು. ಆ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದು ಅನ್ನುವುದು ಒಕ್ಕಲುಗಳ ದೂರು. ಒಂದೊಂದು ಕೊಳಗದಲ್ಲಿ ಸ್ವಲ್ಪವೇ ಹೆಚ್ಚು ಹೋದರೂ ಖಂಡುಗಗಟ್ಟಲೆ ಅಳೆಯುವಾಗ ಎಷ್ಟಾಗುತ್ತದೆ ಲೆಕ್ಕ ಹಾಕಿ. ಮನೆಯ ಮಕ್ಕಳಿಗೆ ಮಳೆಗಾಲ ದಾಟಿಸಬೇಕಿದ್ದ ಭತ್ತ ಅದು.

ಎಚ್. ಗಣಪತಿಯಪ್ಪನವರು ಊರೂರು ತಿರುಗಿ ರೈತ ಸಂಘ ಕಟ್ಟಿದ್ದರು. ಸರಿಯಾದ ಅಳತೆಯ ಕೊಳಗದಲ್ಲೇ ಅಳೆಯುತ್ತೇವೆ ಅಂತ ಒಕ್ಕಲುಗಳು ಪಟ್ಟು ಹಿಡಿದರು. ಧಣಿಯ ಮನೆಯವರು ಒಪ್ಪದೆ ಗದ್ದೆಗೆ ಇಳಿಯಬೇಡಿ ಅಂದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ದಾರಿ ಬಹಳ ಸರಳವಾಗಿತ್ತು. ನೇಗಿಲು ಹೆಗಲಿಗೆ ಹಾಕಿಕೊಂಡು, ತಾವು ಇಷ್ಟು ವರ್ಷ ಉತ್ತ ಗದ್ದೆಗೆ ಹೋಗಿ ಉಳುವುದು. ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ಮರುದಿನ ಇನ್ನೊಂದು ತಂಡ ಹೋಗುತ್ತದೆ. ಹೆಂಗಸರೂ ಹೋದರು.

ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಶಾಂತವೇರಿ ಗೋಪಾಲಗೌಡರು ಇದರಲ್ಲೇ ಬೆಳೆದವರು, 1952ರ ಚುನಾವಣೆಯಲ್ಲಿ ಗೆದ್ದು ಶಾಸಕರಾದರು. 1951ರ ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದರು, ಸತ್ಯಾಗ್ರಹ ಮಾಡಿದರು, ಸಾಗರದಲ್ಲಿ ಅವರನ್ನೂ ಬಂಧಿಸಿದರು. ಆಗ ಈ ಸಣ್ಣ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು.

ಆ ವರ್ಷವೇ ಭೂಮಿ ಸಿಕ್ಕಿತಾ ಅಂತ ಕೇಳುತ್ತಾರೆ. ಸಿಗಲಿಲ್ಲ. 1974ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಬರುವ ತನಕ, ಇಪ್ಪತ್ತಕ್ಕೂ ಜಾಸ್ತಿ ವರ್ಷ ಕಾಯಬೇಕಾಯಿತು. ಆದರೆ ‘ಉಳುವವನೇ ಹೊಲದೊಡೆಯ’ ಅನ್ನುವ ಮಾತು ಗಟ್ಟಿಯಾಗಿ ಬಾಯಿಗೆ ಬಂದಿದ್ದು ಆಗಲೇ. ಅದೇ ಊರಿನ ಕಾಗೋಡು ತಿಮ್ಮಪ್ಪನವರು ಮುಂದೆ ವಿಧಾನಸಭೆಯ ಸ್ಪೀಕರ್ ಆದರು, ಕಂದಾಯ ಮಂತ್ರಿಯೂ ಆದರು. ಒಕ್ಕಲುಗಳನ್ನು ಗದ್ದೆಯಿಂದ ಎಳೆದುಕೊಂಡು ಹೋದ ಊರಿನವರೊಬ್ಬರು ಇಡೀ ರಾಜ್ಯದ ಜಮೀನಿನ ಖಾತೆ ನೋಡಿಕೊಂಡರು. ಅದನ್ನು ನೆನೆದಾಗ ನನಗೆ ಇವತ್ತಿಗೂ ಎದೆ ತುಂಬಿ ಬರುತ್ತದೆ.

1974ಕ್ಕಿಂತ ಮೊದಲು ಕಾನೂನೇ ಇರಲಿಲ್ವಾ?

ಇತ್ತು. ಒಂದಲ್ಲ, ಐದು ಇದ್ದವು. ತೊಂದರೆಯ ಒಂದು ಭಾಗ ಅದೇ.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು ಅಂತ ಓದುತ್ತೇವೆ. ನಕ್ಷೆ ಒಂದಾಯಿತು. ಆದರೆ ಒಕ್ಕಲಿನ ಹಕ್ಕು ಒಂದಾಗಲಿಲ್ಲ. ಹಳೇ ಮೈಸೂರಿಗೆ 1952ರ ಗೇಣಿ ಕಾಯ್ದೆ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಕ್ಕೆ 1948ರ ಮುಂಬಯಿ ಕಾಯ್ದೆ. ಬೀದರ್, ಕಲಬುರಗಿ, ರಾಯಚೂರಿಗೆ 1950ರ ಹೈದರಾಬಾದ್ ಕಾಯ್ದೆ. ದಕ್ಷಿಣ ಕನ್ನಡಕ್ಕೆ 1955ರ ಮದ್ರಾಸ್ ಕಾಯ್ದೆ. ಕೊಡಗಿಗೆ 1957ರ ಇನ್ನೊಂದು. ಒಂದೇ ಭಾಷೆ ಆಡುವ ಇಬ್ಬರು ಒಕ್ಕಲುಗಳು ಜಿಲ್ಲೆಯ ಗಡಿಯ ಆಚೆ ಈಚೆ ಕೂತರೆ ಇಬ್ಬರಿಗೂ ಬೇರೆ ಬೇರೆ ಹಕ್ಕು. ಯಾವ ರಾಜನ, ಯಾವ ಪ್ರಾಂತ್ಯದ ಕೈಯಲ್ಲಿ ನಿಮ್ಮೂರು ಇತ್ತು ಅನ್ನುವುದರ ಮೇಲೆ ನಿಮ್ಮ ಊಟ ನಿಂತಿತ್ತು.

ಇವನ್ನೆಲ್ಲ ಒಟ್ಟುಗೂಡಿಸಲು 1957ರಲ್ಲಿ ಬಿ.ಡಿ. ಜತ್ತಿಯವರ ಸಮಿತಿ ಬಂತು. ಅದರ ಹಿಂದೆ 1961ರ ಭೂಸುಧಾರಣಾ ಕಾಯ್ದೆ. ಆದರೆ ಅದು ಜಾರಿಗೆ ಬಂದಿದ್ದು 1965ರ ಅಕ್ಟೋಬರ್ 2ಕ್ಕೆ.

ಹಾಗಾದ್ರೆ 1961ರ ಕಾಯ್ದೆಯಿಂದ ಯಾಕೆ ಜನರಿಗೆ ಭೂಮಿ ಸಿಗಲಿಲ್ಲ?

ಎರಡು ಕಾರಣ ಎದ್ದು ಕಾಣುತ್ತವೆ. ಕಾಯ್ದೆ ಬರುತ್ತದೆ ಅಂತ ವರ್ಷಗಟ್ಟಲೆ ಮೊದಲೇ ಗೊತ್ತಾಗಿತ್ತು. ಆ ಹೊತ್ತಿನಲ್ಲಿ ಎಷ್ಟೋ ಒಕ್ಕಲುಗಳನ್ನು ಸದ್ದಿಲ್ಲದೆ ಎಬ್ಬಿಸಿದರು, ಇಲ್ಲವೇ ‘ನಾನೇ ಬಿಟ್ಟುಕೊಟ್ಟೆ’ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡರು. ಜೊತೆಗೆ, ‘ನಾನೇ ಸ್ವಂತ ಬೇಸಾಯ ಮಾಡುತ್ತೇನೆ’ ಅಂತ ಹೇಳಿ ಧಣಿ ಜಮೀನು ವಾಪಸ್ ಪಡೆಯಲು ಕಾಯ್ದೆಯಲ್ಲೇ ದಾರಿ ಇತ್ತು. ಅಕ್ಷರ ಬಾರದ ಒಕ್ಕಲು ಕೋರ್ಟಿಗೆ ಹೋಗಿ ನಾನು ಗೇಣಿದಾರ ಅಂತ ರುಜುವಾತು ಮಾಡುವುದು ಹೇಗೆ? ಗೇಣಿ ಕೊಟ್ಟಿದ್ದಕ್ಕೆ ರಸೀದಿ ಕೊಡುವ ಧಣಿಗಳೇ ಕಡಿಮೆ ಇದ್ದರು.

1974ರಲ್ಲಿ ಬದಲಾಗಿದ್ದೇನು?

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1. ನಾಲ್ಕೇ ತಿಂಗಳಲ್ಲಿ, 1974ರ ಮಾರ್ಚ್ 1ರಂದು 1961ರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಮುಖ್ಯಮಂತ್ರಿ ದೇವರಾಜ ಅರಸು.

ಆ ದಿನಕ್ಕೆ ಸ್ವಲ್ಪ ಮುಂಚೆ ಯಾವ ಯಾವ ಜಮೀನು ಗೇಣಿದಾರರ ಕೈಯಲ್ಲಿತ್ತೋ, ಅದೆಲ್ಲ ಆ ದಿನದಿಂದ ಸರ್ಕಾರದ್ದು ಅಂತಾಯಿತು. ಧಣಿ ಮತ್ತು ಒಕ್ಕಲಿನ ನಡುವಿನ ಹಗ್ಗವನ್ನೇ ಕತ್ತರಿಸಿದ ಹಾಗೆ. ಆಮೇಲೆ ಒಕ್ಕಲು ಸರ್ಕಾರಕ್ಕೆ ಅರ್ಜಿ ಹಾಕಬೇಕು: ಈ ಜಮೀನು ನಾನು ಉಳುತ್ತಿದ್ದೆ, ನನ್ನ ಹೆಸರಿಗೆ ಮಾಡಿಕೊಡಿ. ಆ ಅರ್ಜಿಯೇ ನಮೂನೆ 7. ಬಾಯಿಮಾತಿನಲ್ಲಿ ‘ಫಾರಂ ಏಳು’. ದಕ್ಷಿಣ ಕನ್ನಡದವರು ಅದನ್ನೇ ‘ಡಿಕ್ಲರೇಶನ್ ಕೊಟ್ಟದ್ದು’ ಅನ್ನುತ್ತಾರೆ. ಮಂಜೂರಾದರೆ ಸಿಗುವ ಸರ್ಟಿಫಿಕೇಟ್ ನಮೂನೆ 10. ಅಜ್ಜನ ಟ್ರಂಕಿನಲ್ಲಿರುವ ಹಳದಿ ಕಾಗದ ಬಹುಶಃ ಅದೇ. ಜೋಪಾನವಾಗಿ ಇಡಿ.

ಅರ್ಜಿ ತೀರ್ಮಾನಿಸಲು ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ ಮಾಡಿದರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಸರ್ಕಾರ ನೇಮಿಸಿದ ನಾಲ್ಕು ಜನ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ಈ ಕಟ್ಟಳೆಯಲ್ಲಿ ನನಗೆ ತುಂಬ ಮುಖ್ಯ ಅನಿಸುವುದು ಇನ್ನೊಂದಿದೆ: ನ್ಯಾಯಮಂಡಳಿಯ ಮುಂದೆ ವಕೀಲರು ಬರುವ ಹಾಗಿರಲಿಲ್ಲ. ಧಣಿ ದೊಡ್ಡ ವಕೀಲರನ್ನು ಇಡಬಲ್ಲ, ಒಕ್ಕಲಿಗೆ ಆಗದು. ಹಾಗಾಗಿ ಇಬ್ಬರೂ ಬರಿಗೈಯಲ್ಲಿ ಬಂದು ಮಾತಾಡಲಿ ಅನ್ನುವುದು ಯೋಚನೆ. ಮುಂದೆ, 1987ರಲ್ಲಿ, ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಹೆಚ್ಚಿನ ಅರ್ಜಿಗಳ ಮೊದಲ ವಿಚಾರಣೆ ಮುಗಿದಿತ್ತು.

ಅರ್ಜಿ ಹಾಕುವ ಗಡುವನ್ನು ಮುಂದೂಡುತ್ತಾ ಬಂದು ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿ ಬಿದ್ದವು. ಕರಾವಳಿ, ಮಲೆನಾಡಿನಲ್ಲಿ ಗೇಣಿ ಬೇಸಾಯ ಜಾಸ್ತಿ ಇದ್ದಿದ್ದರಿಂದ ಕಾಯ್ದೆಯ ಬಿಸಿ ಅಲ್ಲೇ ಹೆಚ್ಚು ತಟ್ಟಿತು. ಬಯಲುಸೀಮೆಯ ಎಷ್ಟೋ ಊರಿನವರಿಗೆ ಇದರ ನೆನಪೇ ಇಲ್ಲದಿರುವುದಕ್ಕೂ ಅದೇ ಕಾರಣ.

ವಿಚಾರಣೆ ಹೇಗೆ ನಡೀತಿತ್ತು?

ನಮ್ಮ ಮನೆಯಲ್ಲಿ ಕೇಳಿದ್ದನ್ನು ಹೇಳುತ್ತೇನೆ. ಅಜ್ಜ ಬೆಳಗಿನ ಬಸ್ಸಿಗೆ ಹೊರಟು ಸಂಜೆತನಕ ತಾಲ್ಲೂಕು ಕಚೇರಿ ಅಂಗಳದಲ್ಲಿ ಕಾಯುತ್ತಿದ್ದರಂತೆ. ಕರೆದಾಗ ಒಳಗೆ ಹೋದರೆ ಧಣಿ ಕುರ್ಚಿಯಲ್ಲಿ. ಅಜ್ಜನಿಗೂ ಕುರ್ಚಿ ತೋರಿಸಿದರಂತೆ. ಧಣಿಯ ಎದುರು ಅವರು ಯಾವತ್ತೂ ಕೂತವರಲ್ಲ. ನಿಂತೇ ಮಾತಾಡಿದರು. ಪಕ್ಕದ ಗದ್ದೆಯವರು ಬಂದು, ‘ಹೌದು, ಈ ಗದ್ದೆ ಇವರೇ ಉಳೋದು’ ಅಂತ ಸಾಕ್ಷಿ ಹೇಳಿದರು. ಸಾಕ್ಷಿ ಹೇಳಿದವರೂ ಬೇರೆ ಧಣಿಯ ಒಕ್ಕಲುಗಳೇ. ಅವರು ಎಷ್ಟು ಧೈರ್ಯ ಮಾಡಿರಬೇಕು ಅಂತ ನನಗೆ ಅರ್ಥವಾಗಿದ್ದು ಬಹಳ ತಡವಾಗಿ.

ನಮ್ಮಜ್ಜ ಫಾರಂ ಏಳು ಹಾಕಲೇ ಇಲ್ಲವಂತೆ. ಯಾಕೆ?

ಇದು ಬಹಳ ಜನ ಕೇಳುವ ಪ್ರಶ್ನೆ. ಕೇಳುವಾಗ ಧ್ವನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ದಯವಿಟ್ಟು ಅಜ್ಜನ ಮೇಲೆ ಸಿಟ್ಟಾಗಬೇಡಿ.

ಧಣಿ ಕಷ್ಟದಲ್ಲಿ ಅಕ್ಕಿ ಕೊಟ್ಟಿದ್ದ, ಮಗಳ ಮದುವೆ ಮಾಡಿಸಿದ್ದ, ಅವನ ಉಪ್ಪು ತಿಂದು ಅವನ ಮೇಲೆ ಅರ್ಜಿ ಹಾಕುವುದೇ ಅಂದವರಿದ್ದರು. ಹೆದರಿದವರಿದ್ದರು. ದೇವಸ್ಥಾನದ ಜಮೀನಾದರೆ ದೇವರ ಆಸ್ತಿಗೆ ಕೈ ಹಾಕಿದ ಪಾಪ ಬರುತ್ತದೆ ಅಂದುಕೊಂಡವರಿದ್ದರು. ಧಣಿಯೇ ಕರೆದು ‘ಅರ್ಧ ನಿನಗೆ ಬರೆದುಕೊಡುತ್ತೇನೆ, ಅರ್ಜಿ ಹಾಕಬೇಡ’ ಅಂತ ಮಾತು ಕೊಟ್ಟಿದ್ದೂ ಉಂಟು. ಕೆಲವರು ಮಾತು ಉಳಿಸಿಕೊಂಡರು, ಕೆಲವರು ಉಳಿಸಿಕೊಳ್ಳಲಿಲ್ಲ. ಇನ್ನು ಕೆಲವರಿಗೆ ಸುದ್ದಿಯೇ ಮುಟ್ಟಲಿಲ್ಲ. ಹೀಗೆ ಬಿಟ್ಟುಹೋದವರಿಗಾಗಿ 1990ರ ದಶಕದ ಕೊನೆಗೆ ನಮೂನೆ 7ಎ ಅಂತ ಇನ್ನೊಂದು ಅವಕಾಶ ಬಂತು. ಅದರಲ್ಲಿ ಸಿಗುವ ಜಮೀನಿಗೆ ಮಿತಿಯಿತ್ತು, ಅದರ ಗಡುವೂ ಮುಗಿದಿದೆ.

ಧಣಿಗಳಿಗೆ ಅನ್ಯಾಯ ಆಗಲಿಲ್ವಾ?

ಕೆಲವರಿಗೆ ಆಯಿತು. ಇದನ್ನು ಹೇಳದೆ ಹೋದರೆ ನಾನು ಬರೆದಿದ್ದು ಅರ್ಧವೇ ಆಗುತ್ತದೆ. ಧಣಿ ಅಂದ ಕೂಡಲೇ ನೂರಾರು ಎಕರೆಯ ಒಡೆಯ ಅಂತ ನೆನಪಾಗುತ್ತದೆ. ಆದರೆ ಎರಡು ಮೂರು ಎಕರೆ ಇಟ್ಟುಕೊಂಡು, ಗಂಡ ತೀರಿಹೋದ ಮೇಲೆ ಬೇರೆ ದಾರಿ ಕಾಣದೆ ಗೇಣಿಗೆ ಕೊಟ್ಟ ವಿಧವೆಯರೂ ‘ಧಣಿ’ಗಳೇ ಆಗಿದ್ದರು. ಸೈನಿಕರಿಗೆ ಮತ್ತು ಹಡಗಿನಲ್ಲಿ ದುಡಿಯುವವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇತ್ತು. ಆ ವಿಧವೆಯರಂಥ ಸಣ್ಣವರಿಗೂ ದೊಡ್ಡವರಿಗೂ ನಡುವೆ ಇನ್ನಷ್ಟು ವ್ಯತ್ಯಾಸ ಮಾಡಬೇಕಿತ್ತು ಅಂತ ನನ್ನ ಅಭಿಪ್ರಾಯ.

ಅದರ ಜೊತೆಗೇ ಇದನ್ನೂ ಹೇಳಬೇಕು. ಭೂಮಿ ಕಳೆದುಕೊಂಡ ಬಹಳ ಮನೆಗಳಲ್ಲಿ ಓದು ಮೊದಲೇ ಇತ್ತು. ಆ ಮನೆಯ ಮಕ್ಕಳು ಬ್ಯಾಂಕು, ಕಾಲೇಜು, ಮುಂಬಯಿ, ಬೆಂಗಳೂರು ಅಂತ ಹೋಗಿ ನೆಲೆ ಕಂಡರು. ಒಕ್ಕಲಿನ ಮನೆಯಲ್ಲಿ ಆ ಗದ್ದೆ ಬಿಟ್ಟರೆ ಬೇರೇನೂ ಇರಲಿಲ್ಲ. ಎರಡೂ ಕಡೆಯ ನೋವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಈ ಕಾಯ್ದೆಯಿಂದ ದಲಿತರಿಗೆ ಎಷ್ಟು ಸಿಕ್ಕಿತು?

ಸಿಗಬೇಕಾದಷ್ಟು ಸಿಗಲಿಲ್ಲ. ಕಾರಣ ಕಾಯ್ದೆಯ ಮಾತಿನಲ್ಲೇ ಇದೆ.

ಬೇರೆಯವರ ಜಮೀನನ್ನು ಕಾನೂನುಬದ್ಧವಾಗಿ ಉಳುತ್ತಿದ್ದವನನ್ನು ಗೇಣಿದಾರ ಅಂತ ಕಾಯ್ದೆ ಒಪ್ಪಿತು. ಆದರೆ ಕೂಲಿಗೆ ಉಳುತ್ತಿದ್ದವನನ್ನು ಹೊರಗಿಟ್ಟಿತು. ಹಾಗಾದರೆ ಹಳ್ಳಿಯಲ್ಲಿ ಕೂಲಿಗೆ, ಜೀತಕ್ಕೆ ಉಳುತ್ತಿದ್ದವರು ಯಾರು? ಗೇಣಿಗೆ ಗದ್ದೆ ಸಿಗಬೇಕಾದರೂ ಒಂದು ಜೊತೆ ಎತ್ತು, ನೇಗಿಲು, ಬಿತ್ತನೆ ಭತ್ತ, ಧಣಿಯ ನಂಬಿಕೆ ಬೇಕಿತ್ತು. ಇವೆಲ್ಲ ಇದ್ದ ದೀವರು, ಬಿಲ್ಲವರು, ಒಕ್ಕಲಿಗರು, ಬಂಟರು, ಹೀಗೆ ಹಲವು ಜಾತಿಗಳ ಗೇಣಿದಾರರು ಹೊಲದೊಡೆಯರಾದರು. ಅವರ ಗದ್ದೆಯಲ್ಲೇ ನಾಟಿ ಹಾಕಿದ, ಕಳೆ ಕಿತ್ತ ದಲಿತರು ಅದೇ ಗದ್ದೆಯ ಅಂಚಿನಲ್ಲಿ ಉಳಿದರು. ‘ಉಳುವವನೇ ಹೊಲದೊಡೆಯ’ ಅಂದಾಗ ಉಳುವವನು ಯಾರು ಅನ್ನುವ ಪ್ರಶ್ನೆಗೆ ಕಾಗದ ಕೊಟ್ಟ ಉತ್ತರ ಬೇರೆ, ಗದ್ದೆ ಕೊಡುವ ಉತ್ತರ ಬೇರೆ. ನಮ್ಮ ಮನೆಯ ಹಕ್ಕಿನ ಕಥೆಯನ್ನು ಹೆಮ್ಮೆಯಿಂದ ಹೇಳುವಾಗೆಲ್ಲ ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದ ಮನೆಯವರ ನೆನಪಾಗುತ್ತದೆ. ಅವರ ಹೆಸರು ಯಾವ ಪಹಣಿಯಲ್ಲೂ ಇಲ್ಲ.

ಅದೇ ವರ್ಷಗಳಲ್ಲಿ ಬೇರೆ ದಾರಿಗಳೂ ತೆರೆದವು. ಕೂಲಿಯವರು ವಾಸವಿದ್ದ ಮನೆಯ ಜಾಗ ಅವರಿಗೇ ಸಿಗುವ ಅವಕಾಶ ಇದೇ ಕಾಯ್ದೆಯಲ್ಲಿತ್ತು. 1976ರಲ್ಲಿ ಜೀತ ಪದ್ಧತಿಯನ್ನು ತೆಗೆಯುವ ಕೇಂದ್ರ ಕಾಯ್ದೆ ಬಂತು. ದಲಿತ ಸಂಘರ್ಷ ಸಮಿತಿ ಹುಟ್ಟಿ, ಭೂಮಿಯ ಪ್ರಶ್ನೆಯನ್ನು ಊರೂರಿನಲ್ಲಿ ಎತ್ತಿದ್ದೂ ಆ ದಶಕದಲ್ಲೇ. ಸರ್ಕಾರ ದಲಿತರಿಗೆ, ಆದಿವಾಸಿಗಳಿಗೆ ಮಂಜೂರು ಮಾಡಿದ ಜಮೀನು ಬೇರೆಯವರ ಪಾಲಾಗದಂತೆ ತಡೆಯಲು 1978ರ ಪಿಟಿಸಿಎಲ್ ಕಾಯ್ದೆ ಬಂತು. ಜಮೀನು ವಾಪಸ್ ಕೇಳಲು ತಡವಾಯಿತು ಅಂತ ಅರ್ಜಿಗಳು ಬಿದ್ದುಹೋಗುತ್ತಿದ್ದವು. 2023ರ ತಿದ್ದುಪಡಿ ಕಾಲಮಿತಿ ಇಲ್ಲ ಅಂತ ಸ್ಪಷ್ಟ ಮಾಡಿತು.

ಹೆಂಗಸರ ಹೆಸರು ಯಾಕೆ ಎಲ್ಲೂ ಇಲ್ಲ?

ಅರ್ಜಿ ಹಾಕಿದ್ದು ಮನೆಯ ಹಿರಿಯ ಗಂಡಸು. ಉಳುವುದು ಮಾತ್ರ ಬೇಸಾಯ, ನಾಟಿ ಮಾಡುವುದು, ಕೊಯ್ಯುವುದು, ಭತ್ತ ಕುಟ್ಟುವುದು ‘ಸಹಾಯ’ ಅನ್ನುವ ಯೋಚನೆ ಕಚೇರಿಯಲ್ಲೂ ಇತ್ತು, ಮನೆಯಲ್ಲೂ ಇತ್ತು. ಅಳಿಯಸಂತಾನದ ಕುಟುಂಬಗಳಲ್ಲಿ ಮನೆತನ ತಾಯಿಯ ಕಡೆಯಿಂದ ನಡೆದರೂ ಎಷ್ಟೋ ಕಡೆ ಅರ್ಜಿ ಗಂಡಸಿನ ಹೆಸರಿನಲ್ಲೇ ಹೋಯಿತು. ಒಟ್ಟು ಕುಟುಂಬದ ಪರವಾಗಿ ಒಬ್ಬರು ಅರ್ಜಿ ಹಾಕಿ, ಮುಂದೆ ‘ಇದು ನನ್ನೊಬ್ಬನದೇ’ ಅಂದಿದ್ದರಿಂದ ಹುಟ್ಟಿದ ದಾವೆಗಳು ಇನ್ನೂ ಮುಗಿದಿಲ್ಲ.

ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಮಾಡಿತು. ದೇಶಕ್ಕೆಲ್ಲ ಅದು ಬಂದಿದ್ದು 2005ರಲ್ಲಿ. ಅಕ್ಕತಂಗಿಯರು ಪಾಲು ಕೇಳಿದರೆ ‘ಇದು ಗೇಣಿಯಿಂದ ಬಂದ ಜಮೀನು, ನಿಮಗೆ ಬರಲ್ಲ’ ಅಂತ ಬಾಯಿ ಮುಚ್ಚಿಸುವವರಿದ್ದಾರೆ. ಅಷ್ಟಕ್ಕೇ ಸುಮ್ನೆ ಆಗಬೇಡಿ. ಕುಟುಂಬದ ಗೇಣಿಯೋ, ಒಬ್ಬರದೋ ಅನ್ನುವುದನ್ನು ಹಳೆಯ ಫೈಲು ನೋಡಿದರೆ ತಿಳಿಯುತ್ತದೆ.

ನಮ್ಮ ಮಾತಿನಲ್ಲಿ ಇದರ ಗುರುತು ಉಳಿದಿದೆಯಾ?

ತುಂಬ ಉಳಿದಿದೆ. ನನಗೆ ಇಷ್ಟವಾದ ಪ್ರಶ್ನೆ ಇದು.

‘ಒಕ್ಕಲೆಬ್ಬಿಸು’ ಅನ್ನುವ ಪದ ದಿನಾ ಪೇಪರಿನಲ್ಲಿ ಬರುತ್ತದೆ. ಒಕ್ಕಲನ್ನು ಎಬ್ಬಿಸುವುದು. ಕೂತ ಕುಟುಂಬವನ್ನು ನೆಲದಿಂದ ಎಬ್ಬಿಸಿ ಕಳಿಸುವ ಚಿತ್ರ ಆ ಪದದೊಳಗೇ ಇದೆ. ನಗರದ ಗುಡಿಸಲು ತೆಗೆಸಿದರೂ ನಾವು ಗದ್ದೆಯ ಮಾತನ್ನೇ ಬಳಸುತ್ತೇವೆ. ಹಾಗೆಯೇ ‘ಬಿಟ್ಟಿ’. ಈಗ ಬಿಟ್ಟಿ ಅಂದರೆ ಪುಕ್ಕಟೆ ಸಿಗುವುದು. ಹಿಂದೆ ಬಿಟ್ಟಿ ಅಂದರೆ ಕೂಲಿ ಇಲ್ಲದೆ ದುಡಿಸಿಕೊಳ್ಳುವುದು. ದುಡಿಸಿಕೊಂಡವರಿಗೆ ಅದು ಪುಕ್ಕಟೆ, ದುಡಿದವರಿಗೆ ಅಲ್ಲ. ಪದದ ಇವತ್ತಿನ ಅರ್ಥ ದುಡಿಸಿಕೊಂಡವರ ಕಡೆಯಿಂದ ಉಳಿದಿದೆ, ಅಲ್ವಾ? ‘ಧಣಿ’ ಅನ್ನುವುದು ಕೆಲವು ಕಡೆ ಅಂಗಡಿಯ ಮಾಲೀಕರನ್ನು ಕರೆಯುವ ಗೌರವದ ಮಾತಾಗಿ ಉಳಿಯಿತು. ನಮ್ಮ ಅಪ್ಪನ ಬಾಯಲ್ಲಿ ಆ ಪದ ನಾನು ಒಮ್ಮೆಯೂ ಕೇಳಿಲ್ಲ. ಬೇಕೆಂದೇ ಬಿಟ್ಟಿದ್ದರು.

ಊರಿನ ಹಬ್ಬ, ದೇವಸ್ಥಾನದ ಮೇಲೆ ಏನು ಪರಿಣಾಮ ಆಯಿತು?

ದೇವಸ್ಥಾನಗಳ ಇನಾಂ ಜಮೀನು, ಗೇಣಿ ಜಮೀನು ಒಕ್ಕಲುಗಳಿಗೆ ಹೋದವು. ಬದಲಿಗೆ ಸರ್ಕಾರ ವರ್ಷಕ್ಕೆ ಇಷ್ಟು ಅಂತ ತಸ್ತೀಕು ಕೊಡತೊಡಗಿತು. ಅದು ದೀಪದ ಎಣ್ಣೆಗೂ ಸಾಲದು ಅಂತ ಅರ್ಚಕರು ಹೇಳುತ್ತಲೇ ಬಂದಿದ್ದಾರೆ. ಮೊದಲು ಉತ್ಸವದ ಖರ್ಚು ಧಣಿಯ ಮನೆಯದು, ಮೊದಲ ಪ್ರಸಾದವೂ ಆ ಮನೆಗೇ. ಈಗ ಕಮಿಟಿ ಇದೆ, ರಸೀದಿ ಪುಸ್ತಕ ಇದೆ, ಹೊರೆಕಾಣಿಕೆ ಮೆರವಣಿಗೆ ಇದೆ. ಹಿಂದೆ ಹಬ್ಬಕ್ಕೆ ಧಣಿಯ ಮನೆ ಬಾಗಿಲಿಗೆ ಸೌತೆಕಾಯಿ, ಬಾಳೆಗೊನೆ ಹೊತ್ತವರ ಮಕ್ಕಳು ಇಂದು ಅದನ್ನೇ ದೇವರ ಅಂಗಳಕ್ಕೆ ಹೊರುತ್ತಾರೆ. ಆದರೆ ಮೊದಲ ಪ್ರಸಾದ ಯಾರಿಗೆ ಅನ್ನುವ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

ಕಾಸರಗೋಡಿನ ನಮ್ಮ ನೆಂಟರಿಗೂ ಇದೇ ಕಾಯ್ದೆನಾ?

ಅಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿ ಕೇರಳದ ಭೂಸುಧಾರಣಾ ಕಾಯ್ದೆ. ಗೇಣಿ ಪದ್ಧತಿ ಅಲ್ಲಿ 1970ರ ಜನವರಿ 1ಕ್ಕೇ ಮುಗಿಯಿತು, ನಮಗಿಂತ ನಾಲ್ಕು ವರ್ಷ ಮೊದಲು. ಮನೆಯಲ್ಲಿ ಕನ್ನಡವೋ ತುಳುವೋ, ದಾಖಲೆ ಮಾತ್ರ ಬೇರೆ ಭಾಷೆಯಲ್ಲಿ, ಬೇರೆ ಲೆಕ್ಕದಲ್ಲಿ.

ಶರಾವತಿ ಮುಳುಗಡೆಯವರ ಕಥೆಗೂ ಇದಕ್ಕೂ ಸಂಬಂಧ ಇದೆಯಾ?

ಇದೆ, ಅದೂ ನೋವಿನ ಸಂಬಂಧ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. 1974ರ ಕಾಯ್ದೆಗೆ ಇನ್ನೂ ಹತ್ತು ವರ್ಷ ಇತ್ತು. ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ನೀರಿನಡಿ ಹೋದವು. ಜಮೀನು ಯಾರ ಹೆಸರಿನಲ್ಲಿತ್ತೋ ಪರಿಹಾರದಲ್ಲಿ ಅವರ ಮಾತೇ ಮೊದಲು ನಡೆಯುವುದು. ಗೇಣಿಗೆ ಉಳುತ್ತಿದ್ದವನ ಕೈಯಲ್ಲಿ ಕಾಗದ ಇರಲಿಲ್ಲ. ಇನ್ನು ಹತ್ತು ವರ್ಷ ಆ ಗದ್ದೆ ನೀರಿನ ಮೇಲೆ ಇದ್ದಿದ್ದರೆ ಅದು ಅವನದೇ ಆಗುತ್ತಿತ್ತು. ಅವರನ್ನು ಕಾಡಿನ ಜಾಗಗಳಿಗೆ ಕಳಿಸಿದರು. ಆ ಜಾಗದ ದಾಖಲೆ ಸರಿಯಾಗಿ ಆಗಲಿಲ್ಲ. ನಾಡಿಗೆ ಕರೆಂಟು ಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಅರ್ಜಿ ಹಿಡಿದು ನಿಂತಿದ್ದಾರೆ.

ಈಗ ಜಮೀನು ಗೇಣಿಗೆ ಕೊಡಬಹುದಾ? 2020ರ ತಿದ್ದುಪಡಿ ಏನು?

ಕಾಯ್ದೆ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಆದರೆ ಬಾಯಿಮಾತಿನ ಗೇಣಿ ಎಲ್ಲ ಕಡೆ ನಡೆದಿದೆ. ಊರು ಬಿಟ್ಟವರ ಜಮೀನನ್ನು ಊರಲ್ಲಿ ಇರುವವರು ಮಾಡುತ್ತಾರೆ. ಕಾಗದದಲ್ಲಿ ಹೆಸರಿಲ್ಲದ್ದರಿಂದ ಮಾಡುವವರಿಗೆ ಬೆಳೆ ಸಾಲ ಸಿಗುವುದು ಕಷ್ಟ. ಬೆಳೆ ಹಾಳಾದರೆ ಪರಿಹಾರ ಪಹಣಿಯಲ್ಲಿ ಹೆಸರಿರುವವರಿಗೆ ಹೋಗುತ್ತದೆ.

2020ರ ತಿದ್ದುಪಡಿ ಬೇರೆ ವಿಷಯದ್ದು. ಕೃಷಿಕರಲ್ಲದವರು, ಹೆಚ್ಚು ಆದಾಯ ಇರುವವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಕಲಂಗಳನ್ನು ಅದು ತೆಗೆಯಿತು. ಆ ಬೇಲಿ ತೆಗೆದಿದ್ದು ತಪ್ಪು ಅಂತ ನಾನು ನಂಬಿದ್ದೇನೆ. ಅರ್ಜಿ ಹಿಡಿದು ಅಂಗಳದಲ್ಲಿ ಕಾದು ಪಡೆದ ಎರಡು ಎಕರೆಯನ್ನು ಒಂದು ಸಾಲದ ಕಂತಿಗಾಗಿ ಮಾರಿದರೆ ಮತ್ತೆ ಕೊಳ್ಳಲು ಆ ಮನೆಯಿಂದ ಆಗುವುದಿಲ್ಲ.

ನಮ್ಮ ಮನೆಯ ಹಳೆಯ ಫೈಲು ಎಲ್ಲಿ ಹುಡುಕಲಿ?

ಈಗಿನ ಪಹಣಿ ತೆಗೆಸಿ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ಹತ್ತನೆಯದರಲ್ಲಿ ಹಕ್ಕು ಹೇಗೆ ಬಂತು ಅನ್ನುವುದು ಮತ್ತು ಮ್ಯುಟೇಶನ್ (ಖಾತೆ ಬದಲಾವಣೆಯ) ನಂಬರು ಇರುತ್ತದೆ. ಆ ನಂಬರು ಹಿಡಿದುಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲಿಗೆ ಅರ್ಜಿ ಹಾಕಿ. 1974ಕ್ಕಿಂತ ಹಿಂದಿನ ಕೈಬರಹದ ಪಹಣಿ ಸಿಕ್ಕರೆ ಹನ್ನೆರಡನೇ ಕಾಲಂ ನೋಡಿ. ಉಳುತ್ತಿದ್ದವರ ಹೆಸರು ಅಲ್ಲಿ ಬರೆಯುತ್ತಿದ್ದರು. ನ್ಯಾಯಮಂಡಳಿ ಆದೇಶದ ನಕಲು ಕೇಳುವಾಗ ಸರ್ವೆ ನಂಬರು ಮತ್ತು ಅರ್ಜಿ ಹಾಕಿದವರ ಹೆಸರು ಎರಡನ್ನೂ ಕೊಡಿ. ಒಂದೇ ಸಲಕ್ಕೆ ಸಿಗದಿದ್ದರೆ ಬಿಡಬೇಡಿ. ನಮಗೆ ನಾಲ್ಕನೇ ಸಲ ಸಿಕ್ಕಿತು. ಅದರಲ್ಲಿ ಅಜ್ಜನ ಹೇಳಿಕೆ ಇತ್ತು, ಕೆಳಗೆ ಹೆಬ್ಬೆಟ್ಟಿನ ಗುರುತು.

ಅದರಲ್ಲಿ ‘ಹತ್ತು ಕೊಳಗದ ಗದ್ದೆ’ ಅಂತ ಬರೆದಿದೆ. ಅದು ಎಷ್ಟು ಎಕರೆ?

ನೇರ ಲೆಕ್ಕ ಇಲ್ಲ. ಅದು ಎಕರೆಯ ಮಾತಲ್ಲ, ಬಿತ್ತನೆಯ ಮಾತು. ಆ ಗದ್ದೆಗೆ ಹತ್ತು ಕೊಳಗ ಭತ್ತ ಬಿತ್ತಬಹುದು ಅಂತ ಅರ್ಥ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕರಾವಳಿಯಲ್ಲಿ ಮುಡಿ ಲೆಕ್ಕ. ಎಕರೆ ಲೆಕ್ಕ ಬೇಕಿದ್ದರೆ ಸರ್ವೆ ದಾಖಲೆ ನೋಡಿ: ಘಟ್ಟದ ಮೇಲೆ ಎಕರೆಗೆ 40 ಗುಂಟೆ, ಕರಾವಳಿಯವರ ಮಾತಿನಲ್ಲಿ 100 ಸೆಂಟ್ಸ್. ಕೊಳಗ ಒಂದೊಂದು ಊರಿಗೆ ಒಂದೊಂದು ಅಳತೆ ಇತ್ತು. ನಿಮ್ಮೂರಿನದು ಎಷ್ಟು ಸೇರಿನದು ಅಂತ ಅಲ್ಲಿನ ಹಿರಿಯರನ್ನೇ ಕೇಳಿ, ಬೇಗ ಕೇಳಿ.